ಮೊದಲು ಸೂಜಿ ಎತ್ತಿದವಳು

ಹಳೆ ರೆಕಾರ್ಡುಗಳ ಅಂಗಡಿಯ ಅಜ್ಜನನ್ನು ಕಬ್ಬಿಣದ ಕಪಾಟಿಗೆ ನೂಕಿ ಕೊಂದರು. ಲಾಕಪ್ಪಿಗೆ ಹಾಕಿದ್ದು ಅವನ ಸೊಸೆಯನ್ನು.

"ಇನ್ನೊಂದು ಸಲ ಹಾಕು," ಎಂದಳು ಇನ್ಸ್‌ಪೆಕ್ಟರಮ್ಮ.

ಕಿವಿರಾಯ ಹಾಕಿದ. ಸ್ಪೀಕರಿನಿಂದ ಸ್ಯಾಕ್ಸೋಫೋನು ಎದ್ದು ಬಂತು. ಒಂದು ಕಾಲದಲ್ಲಿ ಜನ ಜೋಡಿಜೋಡಿಯಾಗಿ ಕುಣಿಯುತ್ತಿದ್ದ ಸ್ವಿಂಗ್ ಸಂಗೀತ. ಹಿಂದೆ ಬ್ಯಾಂಡಿನವರೆಲ್ಲ ಸೇರಿ ತೊಟ್ಟಿಲು ತೂಗಿದ ಹಾಗೆ ತೂಗುತ್ತಿದ್ದರೆ, ಮುಂದೆ ಒಬ್ಬನೇ ಒಬ್ಬ ಊದುತ್ತಿದ್ದ. ಗಂಟಲು ಸರಿಮಾಡಿಕೊಂಡು ಮಾತಿಗೆ ಶುರು ಮಾಡಿದವನು ಬರಬರುತ್ತ ಜಗಳಕ್ಕೇ ನಿಂತ ಹಾಗಿತ್ತು ಆ ಊದು. ಕೊನೆಯ ಸ್ವರ ಆರಿತು. ಫೈಲು ಮುಗಿಯಿತು.

"ಅಷ್ಟೇ ಮೇಡಂ. ಪೊಲೀಸಿನವರಿಗೆ ಕೊಟ್ಟಿದ್ದೂ ಇದನ್ನೇ. ಹಾಡು ಮುಗೀತು, ಫೈಲೂ ಮುಗೀತು. ಅಕ್ಕನ್ನ ಬಿಡಿಸೋ ಅಂಥದ್ದು ಇದರಲ್ಲೇನೂ ಇಲ್ಲ."

ಲಾಕಪ್ಪಿನಲ್ಲಿದ್ದವಳು ಕಿವಿರಾಯನ ಸ್ವಂತ ಅಕ್ಕ. ತಾಯಿ ಹೋದ ಮೇಲೆ ಅವನಿಗೆ ಕೈತುತ್ತು ಹಾಕಿ ಬೆಳೆಸಿದವಳು. ಗಂಡ ಸತ್ತ ಮೇಲೂ ತವರಿನ ಕಡೆ ಮುಖ ಮಾಡದೆ, ಮಾವನ ಅಂಗಡಿಯನ್ನು ಹೆಗಲ ಮೇಲೆ ಹೊತ್ತವಳು.

ಕಿವಿರಾಯ ಎಂಬುದು ಅವನ ಹೆಸರಲ್ಲ. ದಿನವಿಡೀ ಹೆಡ್‌ಫೋನು ಹಾಕಿಕೊಂಡು ಹಳೆ ರೆಕಾರ್ಡುಗಳನ್ನು ಕಂಪ್ಯೂಟರಿಗೆ ಇಳಿಸಿ, ಅವುಗಳ ಕರಕರ ಚಟಪಟಗಳನ್ನೆಲ್ಲ ತೆಗೆದು ಚೊಕ್ಕ ಮಾಡುವುದು ಅವನ ಕೆಲಸ. ಪಕ್ಕದಲ್ಲಿ ಬಾಂಬು ಬಿದ್ದರೂ ತಿರುಗಿ ನೋಡುವವನಲ್ಲ. ಆದ್ದರಿಂದ ಅವನು ಕೆಲಸ ಮಾಡುವ ಈ ಧ್ವನಿಭಂಡಾರದಲ್ಲಿ ಎಲ್ಲರ ಬಾಯಲ್ಲೂ ಕಿವಿರಾಯ.

ಇನ್ಸ್‌ಪೆಕ್ಟರಮ್ಮನೂ ಈಗ ಇನ್ಸ್‌ಪೆಕ್ಟರ್ ಅಲ್ಲ. ಮೇಲಿನವರು ಬರೆದುಕೊಟ್ಟ ತನಿಖೆಯನ್ನು ತನ್ನದೆಂದು ಒಪ್ಪಲಿಲ್ಲವೆಂದು ಇಲಾಖೆಯಿಂದ ಕಿತ್ತುಹಾಕಿದ್ದರು. ಯೂನಿಫಾರ್ಮು ಬಿಚ್ಚಿಸಿಕೊಂಡರು, ಜನ ಕರೆಯುವ ಹೆಸರನ್ನು ಬಿಚ್ಚಿಸಿಕೊಳ್ಳಲಾಗಲಿಲ್ಲ. ಠಾಣೆಯಲ್ಲಿ ಯಾರ ದೂರನ್ನು ತೆಗೆದುಕೊಳ್ಳುವುದಿಲ್ಲವೋ ಅವರ ದೂರನ್ನು ಈಗ ಅವಳು ತೆಗೆದುಕೊಳ್ಳುತ್ತಾಳೆ.

"ನಿಮ್ಮಕ್ಕನ್ನ ಯಾವಾಗ ನೋಡಿದ್ದು?"

"ಬೆಳಗ್ಗೆ. ನಗಾಡ್ತಾ ಮಾತಾಡಿದ್ಲು. ಠಾಣೆಯ ಸಾಹೇಬರು ಬರೋದು ಬಾಗಿಲಿಗಿಂತ ಮೊದಲು ನೆಲಕ್ಕೆ ಗೊತ್ತಾಗುತ್ತಂತೆ, ಹಾಗೆ ಹೀಗೆ ಅಂತ. ನನ್ನ ಅಳಿಸಬಾರದು ಅಂತ ನಗೋದು ಅವಳು. ಹೇಳಿದ್ದನ್ನೇ ಹೇಳ್ತಾಳೆ. ಒಂದಕ್ಷರ ಬದಲಾಯಿಸಲ್ಲ."

ಆ ಹೇಳಿಕೆಯೇ ಅಕ್ಕನ ಕೊರಳಿಗೆ ಉರುಳಾಗಿತ್ತು. ಅವತ್ತು ಮಧ್ಯಾಹ್ನ ಅವಳು ಅಂಗಡಿಯ ಮಹಡಿ ಹತ್ತಿ ಬಂದಾಗ ಮಾವ ಕಪಾಟಿನ ಬುಡದಲ್ಲಿ ಬಿದ್ದಿದ್ದ. ಪ್ಲೇಯರ್ ತಿರುಗುತ್ತಲೇ ಇತ್ತು. ರೆಕಾರ್ಡು ಮುಗಿದು, ಸೂಜಿ ಕೊನೆಯ ಗೆರೆಯಲ್ಲಿ ಸಿಕ್ಕಿಕೊಂಡು ಟಕ್, ಟಕ್ ಎನ್ನುತ್ತಿತ್ತು. 'ಕಣ್ಣು ಮಾವನ್ನ ನೋಡ್ತು, ಕೈ ಸೂಜಿ ಕಡೆ ಹೋಯ್ತು. ಮೊದಲು ಸೂಜಿ ಎತ್ತಿದೆ. ಆಮೇಲೆ ಮಾವನ್ನ ಮುಟ್ಟಿದೆ. ಆಮೇಲೆ ಜನಾನ ಕರೆಯೋಕೆ ಕೆಳಗೆ ಓಡಿದೆ.' ಜನರನ್ನು ಕರೆದುಕೊಂಡು ಮೇಲೆ ಬರುವಷ್ಟರಲ್ಲಿ ಪ್ಲೇಯರಿನ ಮೇಲಿದ್ದ ರೆಕಾರ್ಡು ಮಾಯ.

ಮುಗಿದ ರೆಕಾರ್ಡಿನ ಮೇಲೆ ಸೂಜಿ ಬಿಟ್ಟರೆ ಸೂಜಿ ಸವೆಯುತ್ತದೆ. ಒಲೆಯ ಮೇಲೆ ಹಾಲು ಉಕ್ಕಲಿ, ಬಾಗಿಲಲ್ಲಿ ನೆಂಟರು ನಿಂತಿರಲಿ, ಮೊದಲು ಸೂಜಿ ಎತ್ತು. ಸೊಸೆ ಆ ಮನೆಗೆ ಕಾಲಿಟ್ಟ ದಿನದಿಂದ ಅಜ್ಜ ಬೈದು ಬೈದು ಕಲಿಸಿದ್ದು ಇದೊಂದನ್ನೇ. ಕಲಿತದ್ದು ಕೈಗೆ ಇಳಿದಿತ್ತು. ಅಜ್ಜನ ಹೆಣದ ಮುಂದೆಯೂ ಆ ಕೈ ಅಜ್ಜನ ಮಾತನ್ನೇ ಕೇಳಿತು.

ಸರಕಾರದ ವಕೀಲನಿಗೆ ಸೂಜಿಯ ಗೊಡವೆ ಯಾಕೆ? ಮಾವ ಸತ್ತು ಬಿದ್ದಿರುವಾಗ ಸೂಜಿ ಎತ್ತುವ ಹೆಂಗಸು ಎಂಥವಳು ಸ್ವಾಮಿ ಎಂದು ಕೇಳಿದ. ರೆಕಾರ್ಡನ್ನೂ ಅವಳೇ ಬಚ್ಚಿಟ್ಟಿದ್ದಾಳೆ ಎಂದ. ಕೋರ್ಟು ತಲೆಯಾಡಿಸಿ ಅವಳನ್ನು ಪೊಲೀಸರ ವಶಕ್ಕೇ ಬಿಟ್ಟಿತು.

"ಈ ಫೈಲು ನಿನ್ನ ಹತ್ರ ಹೇಗೆ ಬಂತು?" ಇನ್ಸ್‌ಪೆಕ್ಟರಮ್ಮ ಕೇಳಿದಳು.

"ಅಂಗಡೀಲಿ ಅಜ್ಜನಿಗೊಂದು ಕಂಪ್ಯೂಟರು ಹೊಂದಿಸಿ ಕೊಟ್ಟಿದ್ದೆ. ಅವರು ಅಲ್ಲಿ ರೆಕಾರ್ಡು ಹಾಕಿದ್ರೆ ಸೀದಾ ಇಲ್ಲಿಗೆ ಬಂದು ಕೂರುತ್ತೆ. ಚೊಕ್ಕ ಮಾಡಿ ವಾಪಸ್ ಕಳಿಸ್ತೀನಿ. ಅವತ್ತೂ ಬಂತು. ಅಜ್ಜ ಹೋದ ಸುದ್ದಿ ಇನ್ನೂ ಬಂದಿರಲಿಲ್ಲ ನಂಗೆ. ಎಂದಿನ ಹಾಗೆ ಚೊಕ್ಕ ಮಾಡ್ದೆ, ಬಾಲ ಕತ್ತರಿಸ್ದೆ..."

"ಬಾಲ ಅಂದ್ರೆ?"

"ಹಾಡು ಮುಗಿದ ಮೇಲೆ ಟಕ್ ಟಕ್ ಅಂತಿರುತ್ತಲ್ಲ, ಅದು. ಅದನ್ನ ಕಟ್ಕೊಂಡು ಏನು ಮಾಡೋದು?"

ಇನ್ಸ್‌ಪೆಕ್ಟರಮ್ಮ ಕುರ್ಚಿಯಲ್ಲಿ ನೆಟ್ಟಗಾದಳು. "ಉದ್ದ ಇತ್ತಾ ಬಾಲ?"

"ಇತ್ತು. ಅಜ್ಜ ಎಲ್ಲೋ ಸೂಜಿ ಎತ್ತೋದು ಮರೆತಿದಾರೆ ಅಂದ್ಕೊಂಡು..."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಅಜ್ಜ ಸೂಜಿ ಎತ್ತೋದು ಮರೆಯೋರಾ ಕಿವಿರಾಯ?"

"ಜೀವ ಇರೋವರೆಗೂ ಮರೆಯೋರಲ್ಲ," ಎಂದ. ಎಂದವನು ತನ್ನ ಮಾತಿಗೆ ತಾನೇ ಬೆಚ್ಚಿದ. ಆ ಬಾಲದ ತುಂಬ ಇದ್ದದ್ದು ಅಜ್ಜ ಸತ್ತ ಹೊತ್ತು. ಅದನ್ನೇ ಅವನು ಕಾಫಿ ಹೀರುತ್ತ ಕತ್ತರಿಸಿ ಎಸೆದಿದ್ದ.

"ಕತ್ತರಿಸಿದ್ದನ್ನ ಎಲ್ಲಿಗೆ ಹಾಕ್ತೀಯ?"

"ಕಸಕ್ಕೆ."

"ಕಸ ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೂ ಹೋಗಲ್ಲ..." ಕಿವಿರಾಯನ ದನಿ ಇಳಿಯಿತು. "ಚೊಕ್ಕ ಮಾಡುವಾಗ ತೆಗೆದಿದ್ದೆಲ್ಲ ಬೇರೆ ಒಂದು ಫೈಲಾಗಿ ಬಿದ್ದಿರುತ್ತೆ. ಜಾಗ ತುಂಬಿದಾಗ ತಾನಾಗೇ ಹೋಗುತ್ತೆ. ಅಸಲು ಫೈಲನ್ನ ಅಳಿಸಿಬಿಡಬೇಕು ಅಂತ ನಮ್ಮ ಯಜಮಾನರ ಕಟ್ಟಪ್ಪಣೆ. ಕಸದ ವಿಷಯ ಅವರೇನೂ ಹೇಳಿಲ್ಲ. ಕಸಾನೂ ಒಂದು ವಸ್ತು ಅಂತ ಅವರಿಗೆ ಹೊಳೆದಿಲ್ಲ."

"ನಿನಗೆ ಹೊಳೆದಿತ್ತಾ?"

ಇಷ್ಟು ವರ್ಷ ಅವನು ಎಷ್ಟು ರೆಕಾರ್ಡುಗಳನ್ನು ಚೊಕ್ಕ ಮಾಡಿದ್ದನೋ ಲೆಕ್ಕವಿಲ್ಲ. ತೆಗೆದುಹಾಕಿದ್ದನ್ನು ಒಂದು ದಿನವೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಹುಡುಕಿದ. ಇತ್ತು.

*

ಮೊದಲು ಬರೀ ಸರಸರ. ಒಣಗಿದ ಎಲೆಗಳ ಮೇಲೆ ಯಾರೋ ಕಾಲೆಳೆದುಕೊಂಡು ಹೋದ ಹಾಗೆ. ಸ್ಯಾಕ್ಸೋಫೋನು ಇಲ್ಲ, ಬ್ಯಾಂಡೂ ಇಲ್ಲ. ಹಾಡಿನಿಂದ ಗುಡಿಸಿ ತೆಗೆದದ್ದು ಮಾತ್ರ. ಅಲ್ಲೊಂದು ಇಲ್ಲೊಂದು ಚಟ್ ಎನ್ನುವ ಗೀರು.

ನಡುವೆ ಒಂದು ದನಿ.

ಕಿವಿರಾಯ ಹಿಂದಕ್ಕೆ ಓಡಿಸಿದ, ದನಿ ಏರಿಸಿದ, ಮತ್ತೆ ಹಾಕಿದ. ದೂರದಿಂದ, ಮೈಕಿಗೆ ಬೆನ್ನು ಹಾಕಿ ಯಾರೋ ಗಂಡಸು ಕೂಗಿದ್ದ. ಹಾಡಿನ ಅಡಿಯಲ್ಲಿ ಹೂತುಹೋಗಿದ್ದ ಆ ಕೂಗನ್ನು ಕಂಪ್ಯೂಟರು ಸರಸರದ ಜತೆಗೆ ಕಸವೆಂದು ಬಗೆದು ಎತ್ತಿಹಾಕಿತ್ತು.

"ಊದು ತಮ್ಮಾ! ಹೊರಗಿನವರಿಗೂ ಕೇಳ್ಲಿ!"

ಕಿವಿರಾಯ ಮುಂದಿನ ಹಾಲಿನ ಕಡೆ ತಿರುಗಿದ.

"ಮೇಡಂ, ಈ ದನಿ... ದಿನಾ ಬೆಳಗ್ಗೆ ಕೇಳ್ತೀನಿ ನಾನು. ನೀವೂ ಈಗ ಒಳಗೆ ಬರುವಾಗ ಕೇಳಿದ್ರಿ."

ಧ್ವನಿಭಂಡಾರದ ಮುಂದಿನ ಹಾಲಿನಲ್ಲಿ ಆಳೆತ್ತರದ ಚಿತ್ರವೊಂದಿದೆ. ಸ್ಯಾಕ್ಸೋಫೋನನ್ನು ತುಟಿಗಿಟ್ಟ ದೊಡ್ಡಣ್ಣ. ಬ್ಯಾಂಡಿನ ಒಡೆಯ. ಬ್ಯಾಂಡಿನವರಿಗೂ ಊರಿಗೂ ದೊಡ್ಡಣ್ಣನೇ. ಬಾಗಿಲು ತೆರೆದ ಕೂಡಲೇ ಅವನ ಹಳೆಯ ದನಿ ಒಳಗೆ ಬಂದವರನ್ನು ಸ್ವಾಗತಿಸುತ್ತದೆ: 'ಬನ್ನಿ, ಕೂತ್ಕೊಳ್ಳಿ, ಕಿವಿ ಕೊಡಿ.' ತುಸು ಮೂಗಿನಲ್ಲಿ ಬರುವ, ಕೊನೆಯಲ್ಲಿ ಒಡೆಯುವ ದನಿ. ರೆಕಾರ್ಡಿನಲ್ಲಿ ಕೂಗಿದವನೂ ಅದೇ ದೊಡ್ಡಣ್ಣ.

ಈ ಹಾಡಿರುವ ಆಲ್ಬಮ್ಮಿನ ಹೊದಿಕೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದಿರುವುದು: ಸ್ಯಾಕ್ಸೋಫೋನ್, ದೊಡ್ಡಣ್ಣ.

"ಬಾಯಲ್ಲಿ ಸ್ಯಾಕ್ಸು ಕಚ್ಕೊಂಡು ಕೂಗೋಕಾಗುತ್ತಾ?" ಎಂದಳು ಇನ್ಸ್‌ಪೆಕ್ಟರಮ್ಮ.

"ಉಗುಳೋಕೂ ಆಗಲ್ಲ."

"ಹಾಗಾದ್ರೆ ಊದ್ತಿರೋನು ತಮ್ಮ."

ತಮ್ಮನ ಕಥೆಯನ್ನು ಅಜ್ಜ ಹೇಳುತ್ತಲೇ ಇದ್ದ. ಕಿವಿರಾಯ ಅದನ್ನು ವಯಸ್ಸಾದವರ ಗೊಣಗು ಎಂದುಕೊಂಡಿದ್ದ. ಆಗಿನ ನಾಟ್ಯಗೃಹಗಳಲ್ಲಿ ಕುಣಿಯುವವರಿಗೆ ಮುಂಬಾಗಿಲು. ಊದುವವರು ಹಿಂದಿನ ಓಣಿಯಲ್ಲಿ ಕಸದ ತೊಟ್ಟಿಗಳನ್ನು ದಾಟಿ, ಅಡುಗೆಮನೆಯ ಮೂಲಕ ಒಳಗೆ ಬರಬೇಕು. ಊದಿ ಮುಗಿಸಿ ಹಾಗೆಯೇ ಹೊರಗೆ ಹೋಗಬೇಕು. ಒಂದು ಸಂಜೆ ದೊಡ್ಡಣ್ಣನ ಸ್ವಂತ ತಮ್ಮ ಸ್ಯಾಕ್ಸಿನ ಪೆಟ್ಟಿಗೆ ಹಿಡಿದು ಮುಂಬಾಗಿಲಲ್ಲಿ ನಡೆದು ಬಂದ. ಕತ್ತು ಹಿಡಿದು ಹೊರಗೆ ಹಾಕಿದರು. ಮರುದಿನ ಬ್ಯಾಂಡಿನವರೆಲ್ಲ ಅವನ ಜತೆ ಫುಟ್‌ಪಾತಿನ ಮೇಲೆ ಕೂತರು. ಒಳಗೆ ಕುಣಿಯಲು ಬಂದವರು ಸಂಗೀತವಿಲ್ಲದೆ ಕೈಕೈ ಹಿಸುಕಿಕೊಂಡರು.

ಆಮೇಲೆ ನಾಟ್ಯಗೃಹದ ಮಾಲೀಕರೆಲ್ಲ ಒಂದಾದರು. ತಮ್ಮ ಇರುವತನಕ ಬ್ಯಾಂಡಿಗೆ ಕರೆ ಇಲ್ಲ. ದೊಡ್ಡಣ್ಣ ಯೋಚಿಸಿದ. ತಮ್ಮ ಹೋದ. ಅಷ್ಟರಲ್ಲಾಗಲೇ ತಮ್ಮನ ಉಸಿರು ಆ ಆಲ್ಬಮ್ಮಿನೊಳಗೆ ಇಳಿದುಬಿಟ್ಟಿತ್ತು. ಅವನನ್ನು ಬ್ಯಾಂಡಿನಿಂದ ತೆಗೆದಷ್ಟು ಸಲೀಸಾಗಿ ರೆಕಾರ್ಡಿನಿಂದ ತೆಗೆಯಲಾಗಲಿಲ್ಲ. ಹೆಸರನ್ನು ತೆಗೆದರು.

ಅಜ್ಜ ಆಗ ರೆಕಾರ್ಡು ಅಚ್ಚು ಹಾಕುವ ಕಾರ್ಖಾನೆಯಲ್ಲಿದ್ದ. ಮಾರಾಟಕ್ಕೆ ಮುಂಚೆ ಪರೀಕ್ಷೆಗೆಂದು ಒತ್ತಿದ್ದ, ಮೇಲೆ ಏನೂ ಬರೆಯದ ಒಂದು ಪ್ರತಿಯನ್ನು ಅವನು ಇಟ್ಟುಕೊಂಡಿದ್ದ. ಕಾಣೆಯಾದದ್ದು ಅದೇ.

"ಅಂಗಡೀಲಿ ಸಿಗೋ ರೆಕಾರ್ಡಲ್ಲಿ ಈ ಕೂಗು ಇಲ್ವಾ?"

"ಇಲ್ಲ ಮೇಡಂ. ಅಲ್ಲಿ ಈ ಜಾಗದಲ್ಲಿ ಸ್ಯಾಕ್ಸು ಒಂದು ಸ್ವರದಿಂದ ಟಕ್ಕಂತ ಇನ್ನೊಂದಕ್ಕೆ ಜಿಗಿಯುತ್ತೆ. ತುಂಬಾ ಹೆಸರಾದ ಜಿಗಿತ ಅದು. ದೊಡ್ಡಣ್ಣನವರ ಪ್ರತಿಭೆಯ ಪರಾಕಾಷ್ಠೆ ಅಂತ ಪಂಡಿತರು ಪುಟಗಟ್ಟಲೆ ಬರೆದಿದಾರೆ." ಕಿವಿರಾಯ ತಲೆ ಕೊಡವಿದ. "ಈಗ ಗೊತ್ತಾಯ್ತು. ಕೂಗಿದ ಜಾಗದ ಟೇಪು ಕತ್ತರಿಸಿ ಅಂಟಿಸಿದಾರೆ. ಅಷ್ಟೂ ವರ್ಷ ಜನ ಚಪ್ಪಾಳೆ ಹೊಡೆದಿದ್ದು ಕತ್ತರಿಗೆ!"

ಇನ್ಸ್‌ಪೆಕ್ಟರಮ್ಮ ನಗಲಿಲ್ಲ. "ಬಾಲ ಹಾಕು."

ಟಕ್. ಟಕ್. ಟಕ್.

ಸೂಜಿ ಕೊನೆಯ ಗೆರೆಯಲ್ಲಿ ಸುತ್ತುತ್ತಿತ್ತು. ಅದರ ಕೆಳಗೆ, ನೆಲದಾಳದಿಂದ ಬಂದಂತೆ ಮೆತ್ತಗೆ ಗುಡುಗುಡು. ಪರದೆಯ ಮೇಲಿನ ಹಸಿರು ಗೆರೆ ಉಬ್ಬಿ ಇಳಿಯಿತು.

"ಇದೇನು?"

"ಹೆಜ್ಜೆ," ಎಂದ ಕಿವಿರಾಯ. "ಅಜ್ಜನ ಮಹಡಿಯದು ಹಲಗೆಯ ನೆಲ. ಯಾರು ನಡೆದ್ರೂ ಸೂಜಿ ಅದುರುತ್ತೆ. ಅದಕ್ಕೇ ಗಿರಾಕಿಗಳಿಗೆ ಬೈತಿದ್ರು, ನಡೀರಿ, ಕುಣೀಬೇಡಿ ಅಂತ."

ಸಣ್ಣ ಸಣ್ಣ ಉಬ್ಬುಗಳು ಅಜ್ಜನವು, ಚಪ್ಪಲಿ ಉಜ್ಜಿಕೊಂಡು ಓಡಾಡುವ ಕಾಲು. ಎದುರಿಗೆ ಇನ್ನೊಂದು ಜೋಡಿ. ಮೊದಲು ಎತ್ತರದ ಒಂದು ಗುಡ್ಡ, ಅದರ ಬೆನ್ನಿಗೇ ಉದ್ದಕ್ಕೆ ಮಲಗಿದ ದಿಬ್ಬ. ಗುಡ್ಡ, ದಿಬ್ಬ. ಗುಡ್ಡ, ದಿಬ್ಬ. ಒಂದು ಕಾಲು ಊರಿ ಒಂದು ಕಾಲು ಎಳೆಯುವವನು.

ಎರಡು ಜೋಡಿಯೂ ಕಲೆಸಿಹೋದವು. ಆಮೇಲೆ ಪರದೆ ಹರಿದುಹೋಗುವಂಥ ಒಂದು ಹೊಡೆತ.

ಟಕ್. ಟಕ್. ಟಕ್.

ಅಜ್ಜನ ಉಬ್ಬುಗಳು ಮತ್ತೆ ಬರಲಿಲ್ಲ. ಗುಡ್ಡ, ದಿಬ್ಬ ಏನನ್ನೋ ಹುಡುಕುವ ಹಾಗೆ ಅತ್ತಿತ್ತ ನಿಧಾನವಾಗಿ ನಡೆದು ನಿಂತವು, ಮೆಟ್ಟಿಲು ಇಳಿಯಲಿಲ್ಲ. ಬಹಳ ಹೊತ್ತಿನ ಮೇಲೆ ದಡದಡ ಮೆಟ್ಟಿಲೇರುವ ಹಗುರ ಹೆಜ್ಜೆ. ಒಂದು ಕ್ಷಣ ತಡೆ. ಸರ್‌ರ್ ಎಂದು ಸೂಜಿ ಎತ್ತಿದ ಸದ್ದು. ಮುಂದೆ ಖಾಲಿ.

"ಅಕ್ಕ," ಎಂದ. ಅವನ ಕಣ್ಣು ತುಂಬಿತು. "ಹೊಡೆತ ಬಿದ್ದು ಎಷ್ಟೋ ಹೊತ್ತಾದ್ಮೇಲೆ ಬಂದಿದಾಳೆ. ಅವಳು ಸೂಜಿ ಎತ್ತುವಾಗ ಅವನು ಅಲ್ಲೇ ಕಪಾಟಿನ ಹಿಂದೆ ನಿಂತಿದ್ದ ಮೇಡಂ. ಅವಳ ಉಸಿರು ಕೇಳುವಷ್ಟು ಹತ್ತಿರ."

"ಸೂಜಿ ಎತ್ತಿದ್ದಕ್ಕೇ ಅವಳನ್ನ ಹಿಡಿದ್ರು," ಎಂದಳು ಇನ್ಸ್‌ಪೆಕ್ಟರಮ್ಮ. "ಅವಳು ಯಾವಾಗ ಬಂದ್ಲು ಅಂತ ಹೇಳೋಕೆ ಈಗ ಅದೇ ಸೂಜಿ ಸಾಕ್ಷಿ. ಇದರ ಪ್ರತಿ ಹೊರಗೆ ತಗೊಂಡು ಹೋಗಬಹುದಾ?"

ಆಗುವಂತಿರಲಿಲ್ಲ. ದೊಡ್ಡಣ್ಣನ ಸಂಗೀತ ಹೊರಗೆ ಸೋರಬಾರದೆಂದು ಯಜಮಾನರು ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್ ಚುಚ್ಚುವ ಬಾಯಿಗಳಿಗೆಲ್ಲ ಅಂಟು ಹಾಕಿಸಿದ್ದರು. ಅಂಗಡಿಯ ಕಂಪ್ಯೂಟರನ್ನು ಠಾಣೆಗೆ ಹೊತ್ತುಕೊಂಡು ಹೋಗಿದ್ದರಿಂದ ಅಲ್ಲಿಗೆ ಕಳಿಸುವ ದಾರಿಯೂ ಮುಚ್ಚಿತ್ತು. ಫೋನುಗಳನ್ನು ಗೇಟಿನಲ್ಲೇ ಇಸಿದುಕೊಳ್ಳುತ್ತಿದ್ದರು. ಯಜಮಾನರೆಂದರೆ ದೊಡ್ಡಣ್ಣನ ಮಗ. ಆಲ್ಬಮ್ಮನ್ನು ಹೊಸದಾಗಿ ಬಿಡುಗಡೆ ಮಾಡಲು ಚಿನ್ನದಕ್ಷರದ ಹೊದಿಕೆ ಅಚ್ಚಾಗಿ ಬಂದು ಕೂತಿತ್ತು. 'ಅದರ ಮೇಲೆ ತಮ್ಮನ ಹೆಸರು ಬರಲಿ, ಬೇರೇನೂ ಬೇಡ' ಎಂದು ಅಜ್ಜ ಹೇಳಿಕಳಿಸಿದ್ದ. ಆ ಅಜ್ಜನನ್ನು ನೋಡಿಯೇ ಇಲ್ಲವೆಂದು ಯಜಮಾನರು ಪೊಲೀಸಿನವರಿಗೆ ಹೇಳಿದ್ದರು.

"ಯಜಮಾನರು ಹೇಗೆ ನಡೀತಾರೆ?"

"ನೋಡಿದವರು ಯಾರು? ಅವರು ಬರ್ತಾರೆ ಅಂದ್ರೆ ನಾವು ತಲೆ ತಗ್ಗಿಸಿರ್ತೀವಿ."

ಇನ್ಸ್‌ಪೆಕ್ಟರಮ್ಮ ಕೋಣೆಯ ನೆಲವನ್ನು ಹಿಮ್ಮಡಿಯಿಂದ ಕುಟ್ಟಿದಳು. ಹಲಗೆ.

"ಆ ಪ್ಲೇಯರನ್ನ ಕಲ್ಲಿನ ಮೇಲೆ ಯಾಕೆ ಇಟ್ಟಿದೀಯ?"

"ಹೆಜ್ಜೆ ಸದ್ದು ಹತ್ತಬಾರದು ಅಂತ."

"ಕೆಳಗಿಡು."

*

ಮೇಜಿನ ಫೋನಿನಲ್ಲಿ ಇನ್ಸ್‌ಪೆಕ್ಟರಮ್ಮ ಯಜಮಾನರಿಗೆ ಹೇಳಿದ್ದು ಇಷ್ಟೇ: "ನಿಮ್ಮ ಧ್ವನಿಭಂಡಾರದ ಕಸದಲ್ಲಿ ಏನೋ ಸಿಕ್ಕಿದೆ. ಬಂದು ನೋಡಿ."

ಬಾಗಿಲ ಮಗ್ಗುಲಲ್ಲಿ, ನೆಲದ ಮೇಲೆ ಪ್ಲೇಯರ್ ತಿರುಗುತ್ತಿತ್ತು. ಯಾವುದೋ ರೆಕಾರ್ಡಿನ ಕೊನೆಯ ಗೆರೆಯಲ್ಲಿ ಸೂಜಿ ಕೂತಿತ್ತು. ಸ್ಪೀಕರ್ ಬಂದ್, ಸೂಜಿಯದೇ ಸಣ್ಣ ಟಕ್ ಟಕ್ ಅಷ್ಟೇ. ಪರದೆಯ ಮೇಲೆ ಹಸಿರು ಗೆರೆ ಮಾತ್ರ ಓಡುತ್ತಿತ್ತು.

ಯಜಮಾನರು ಬಂದರು. ಜತೆಯಲ್ಲಿ ಬಂದ ಠಾಣೆಯ ಸಾಹೇಬ, ಅಕ್ಕನನ್ನು ಹಿಡಿದು ಹಾಕಿದವನು, ಹೊರಗೆ ಸಿಮೆಂಟು ನೆಲದ ವರಾಂಡದಲ್ಲೇ ನಿಂತು ಯಾರ ಜತೆಗೋ ಫೋನಿನಲ್ಲಿ ಮಾತಾಡುತ್ತಿದ್ದ. ಸಾಹೇಬರ ಫೋನನ್ನು ಗೇಟಿನಲ್ಲಿ ಇಸಿದುಕೊಳ್ಳುವ ಗಂಡೆದೆ ಯಾರಿಗಿದೆ?

"ಏನಯ್ಯಾ ಕಿವಿರಾಯ," ಎಂದರು ಯಜಮಾನರು. "ನನ್ನ ಮನೆ ಕಸ ಕೆದಕೋಕೆ ಜನ ಇಟ್ಕೊಂಡಿದೀಯಂತೆ?"

ಕಿವಿರಾಯನ ಕಣ್ಣು ಪರದೆಯ ಮೇಲಿತ್ತು. ಯಜಮಾನರು ನಡೆದು ಬಂದು ಕುರ್ಚಿಯಲ್ಲಿ ಕೂತರು. ಸಮಸಮವಾದ ಉಬ್ಬುಗಳು. ಗುಡ್ಡ ಇಲ್ಲ, ದಿಬ್ಬ ಇಲ್ಲ. ಬೆಕ್ಕು ನಡೆದ ಹಾಗೆ.

ಅವನು ಇನ್ಸ್‌ಪೆಕ್ಟರಮ್ಮನ ಕಡೆ ನೋಡಿದ. ಅವಳ ಮುಖ ಸಣ್ಣಗಾಗಿತ್ತು.

"ಅದೇನು ಟಕ್ ಟಕ್?"

"ಹಳೆ ರೆಕಾರ್ಡು ಸಾರ್. ಧೂಳು ಬಿಡಿಸ್ತಿದ್ದೀನಿ."

ಹೆತ್ತಪ್ಪನ ರೆಕಾರ್ಡನ್ನೂ ಕೊನೆಯವರೆಗೆ ಕೇಳಿದವರಲ್ಲ ಅವರು. ನಂಬಿದರು.

"ನೋಡಮ್ಮಾ," ಎಂದು ಇನ್ಸ್‌ಪೆಕ್ಟರಮ್ಮನ ಕಡೆ ತಿರುಗಿದರು. "ಅಪ್ಪ ತೀರಿಕೊಂಡು ಎಷ್ಟೋ ಕಾಲ ಆಯ್ತು. ಸತ್ತವರ ಮೇಲೆ ಕೆಸರು ಎರಚೋದು ದೊಡ್ಡ ಕೆಲಸ ಅಲ್ಲ. ಬ್ಯಾಂಡಿನಲ್ಲಿ ಎಲ್ಲರೂ ಎಲ್ಲರನ್ನೂ ಅಣ್ಣಾ, ತಮ್ಮಾ ಅಂತಾನೇ ಕರೀತಿದ್ರು. ಯಾರೋ ಯಾರಿಗೋ 'ಊದು ತಮ್ಮಾ' ಅಂದಿದ್ದಕ್ಕೆ ನಮ್ಮಪ್ಪ ಕಳ್ಳ ಆಗಿಬಿಡ್ತಾರಾ?"

ಇನ್ಸ್‌ಪೆಕ್ಟರಮ್ಮ ಪರದೆ ಬಿಟ್ಟು ಅವರ ಕಡೆ ತಿರುಗಿದಳು.

"ನಾನು ಏನೋ ಸಿಕ್ಕಿದೆ ಅಂದೆ," ಎಂದಳು ಇನ್ಸ್‌ಪೆಕ್ಟರಮ್ಮ. "ತಮ್ಮಾ ಅಂತ ಸಿಕ್ಕಿದೆ ಅಂತ ನಿಮಗೆ ಹೇಳಿದವರು ಯಾರು?"

ಯಜಮಾನರು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು.

"ಅಂಗಡೀಲಿ ಸಿಗೋ ರೆಕಾರ್ಡಲ್ಲಿ ಆ ಮಾತಿಲ್ಲ. ಅದು ಇರೋದು ಅಜ್ಜನ ಪ್ರತಿಯಲ್ಲಿ ಮಾತ್ರ. ಅದನ್ನ ಎಲ್ಲಿ ಕೇಳಿದ್ರಿ?"

"ಆ ಮುದುಕನೇ... ಅಜ್ಜನೇ ಹೇಳಿದ್ದ."

"ಅಜ್ಜನ್ನ ನಾನು ನೋಡೇ ಇಲ್ಲ, ಮಾತೇ ಆಡಿಲ್ಲ ಅಂತ ಪೊಲೀಸಿನವರ ಮುಂದೆ ಹೇಳಿದ್ರಲ್ಲ?"

ಯಜಮಾನರು ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು. ಅವಮಾನ ಆದಾಗ ದೊಡ್ಡವರು ಉತ್ತರ ಹುಡುಕುವುದಿಲ್ಲ, ಆಳನ್ನು ಕರೆಯುತ್ತಾರೆ.

"ಸಾಹೇಬರೇ, ಒಳಗೆ ಬನ್ನಿ."

ಸಾಹೇಬ ಒಳಗೆ ಬಂದ. ಹಲಗೆಯ ಮೇಲೆ ಬೂಟು ಇಟ್ಟ.

ಗುಡ್ಡ.

ಇನ್ನೊಂದು ಬೂಟನ್ನು ಎಳೆದುಕೊಂಡ.

ದಿಬ್ಬ.

ಗುಡ್ಡ, ದಿಬ್ಬ. ಗುಡ್ಡ, ದಿಬ್ಬ. ಪರದೆಯ ಮೇಲೆ ಅಜ್ಜನ ಮಹಡಿಯೇ ಎದ್ದು ನಡೆದು ಬರುತ್ತಿತ್ತು. 'ಬಾಗಿಲಿಗಿಂತ ಮೊದಲು ನೆಲಕ್ಕೆ ಗೊತ್ತಾಗುತ್ತೆ.' ಅಕ್ಕ ನಗುತ್ತ ಹೇಳಿದ್ದಳು. ಅವನು ಕೇಳಿಸಿಕೊಂಡಿರಲಿಲ್ಲ. ಹೆಸರು ನೋಡಿದರೆ ಕಿವಿರಾಯ!

ಇನ್ಸ್‌ಪೆಕ್ಟರಮ್ಮ ಸಾಹೇಬನ ಕಾಲನ್ನೇ ನೋಡುತ್ತಿದ್ದಳು.

"ಇದಾ ಮೇಡಂ?" ಸಾಹೇಬ ತೊಡೆ ತಟ್ಟಿಕೊಂಡು ನಕ್ಕ. "ನೀವು ಇಲಾಖೆ ಬಿಟ್ಟ ಮೇಲೆ ಬಂದಿದ್ದು. ಗಲಾಟೆಯಲ್ಲಿ ಯಾವನೋ ಕಲ್ಲೆಸೆದ. ಕಾಲು ಹೋಯ್ತು, ಪದಕ ಬಂತು. ನೀವು ಇದ್ದಿದ್ರೆ ನಿಮಗೂ ಏನಾದ್ರೂ ಸಿಕ್ತಿತ್ತು."

"ಸಿಕ್ಕಿದೆ," ಎಂದಳು ಅವಳು. ಅಷ್ಟೇ ಹೇಳಿದಳು. ಅಕ್ಕ ಇರುವುದು ಈ ಮನುಷ್ಯನ ಬೀಗದೊಳಗೆ. ಇನ್ನೊಂದು ಮಾತು ಬಾಯಿಂದ ಬಿದ್ದರೆ ಅದು ಬೀಳುವುದು ಅಕ್ಕನ ಮೇಲೆ.

"ಸರಳವಾದ ಕೆಲಸ ಕಣಯ್ಯಾ," ಯಜಮಾನರಿಗೆ ಉಸಿರು ಮರಳಿತ್ತು. "ಆ ಕಸದ ಫೈಲನ್ನ ನನ್ನ ಕಣ್ಮುಂದೆ ಅಳಿಸು. ಮುದುಕ ಮೇಲಿನ ಖಾನೆಗೆ ಕೈ ಹಾಕಿ ಜಾರಿ ಬಿದ್ದ, ನಾನು ಕಣ್ಣಾರೆ ನೋಡಿದೆ ಅಂತ ನಿಮ್ಮಕ್ಕ ಒಂದು ಮಾತು ಹೇಳ್ಲಿ. ಸಾಹೇಬರು ಕೇಸು ಮುಗಿಸ್ತಾರೆ. ಸಂಜೆ ಅವಳು ಮನೇಲಿರ್ತಾಳೆ."

ಕಿವಿರಾಯ ಪರದೆ ನೋಡಿದ. ಅಜ್ಜನ ಕೊನೆಯ ಹೆಜ್ಜೆ, ತಮ್ಮನ ಉಸಿರಿನ ಗುರುತು, ಅಕ್ಕ ನಿರಪರಾಧಿ ಎಂಬುದಕ್ಕೆ ಒಂದೇ ಒಂದು ಸಾಕ್ಷಿ, ಎಲ್ಲ ಆ ಕಸದಲ್ಲಿತ್ತು. ಆದರೆ ಅಕ್ಕ ಲಾಕಪ್ಪಿನಲ್ಲಿದ್ದಳು. ಅಜ್ಜನನ್ನು ನೂಕಿದ ಕೈಯಲ್ಲೇ ಆ ಲಾಕಪ್ಪಿನ ಬೀಗದ ಕೈ ಇತ್ತು. ಮೊದಲು ಅವಳು ಹೊರಗೆ ಬರಬೇಕು. ಜೀವ ಇದ್ದರೆ ಮುಂದಿನದು.

ಅವನು ಇನ್ಸ್‌ಪೆಕ್ಟರಮ್ಮನ ಮುಖ ನೋಡಿದ. ಅವಳು ತುಟಿ ಕಚ್ಚಿ ಹಿಡಿದು, ಇದೆಯೋ ಇಲ್ಲವೋ ಎನ್ನುವಷ್ಟು ತಲೆಯಾಡಿಸಿದಳು. ಅಳಿಸು.

ಯಾರದೋ ತನಿಖೆಯನ್ನು ತನ್ನದೆಂದು ಒಪ್ಪಲಾರದೆ ಕೆಲಸ ಕಳೆದುಕೊಂಡವಳು ಹಾಗೆ ತಲೆಯಾಡಿಸಿದ್ದಳು. ಅವನು ಬೆರಳನ್ನು ಕಂಪ್ಯೂಟರಿನ ಅಳಿಸುವ ಕೀಲಿಯ ಮೇಲಿಟ್ಟ.

"ಮೊದಲು ಅಕ್ಕನ ಜತೆ ಮಾತಾಡಿಸಿ," ಎಂದ.

ಸಾಹೇಬ ಠಾಣೆಗೆ ಫೋನ್ ಹಚ್ಚಿದ. "ಆ ಹೆಂಗಸಿಗೆ ಕೊಡು." ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ.

"ಪುಟ್ಟಾ?" ಅಕ್ಕನ ದನಿ. "ಊಟ ಮಾಡಿದ್ಯಾ?"

"ಅಕ್ಕಾ..." "ಸಾಹೇಬರು ಒಂದು ಮಾತು ಹೇಳ್ತಾರೆ. ಅದನ್ನ ಅವರು ಹೇಳಿದ ಹಾಗೇ ಹೇಳಿಬಿಡು. ಸಂಜೆ ಮನೆಗೆ ಬರ್ತೀಯ."

ಸಾಹೇಬ ಹೇಳಿಕೊಟ್ಟ. ಮಗ್ಗಿ ಹೇಳಿಕೊಡುವಷ್ಟು ನಿಧಾನವಾಗಿ, ಮುದ್ದಾಗಿ. ಮಾವ ಮೇಲಿನ ಖಾನೆಗೆ ಕೈ ಹಾಕಿದರು. ಜಾರಿದರು. ತಲೆ ಕಪಾಟಿಗೆ ಬಡಿಯಿತು. ನಾನು ನೋಡಿದೆ.

"ನಾನು ನೋಡಲಿಲ್ಲವಲ್ಲ ಸಾರ್."

"ನೋಡಿದೆ ಅನ್ನಮ್ಮಾ."

"ನಾನು ಬಂದಾಗ ಮಾವ ಬಿದ್ದಿದ್ರು. ಸೂಜಿ ಟಕ್ ಟಕ್ ಅಂತಿತ್ತು. ಮೊದಲು ಸೂಜಿ ಎತ್ತಿದೆ."

"ಅಕ್ಕಾ!" ಕಿವಿರಾಯ ಮೇಜಿನ ಮೇಲೆ ಬಗ್ಗಿದ. ಸಾಹೇಬನ ಬೂಟು ಅವನ ಕಾಲಿನ ಪಕ್ಕದಲ್ಲೇ ಇತ್ತು. ಬಾಯಿತನಕ ಬಂದ ಮಾತನ್ನು ಆಡುವಂತಿಲ್ಲ, ನುಂಗುವಂತಿಲ್ಲ. "ಹಟ ಮಾಡಬೇಡ ಕಣೇ. ನಿನಗೆ ಗೊತ್ತಿಲ್ಲ. ಅಲ್ಲಿ ಇರಬೇಡ ನೀನು. ನನ್ನಾಣೆ, ಹೇಳಿಬಿಡು."

"ಆಣೆ ಹಾಕಬೇಡ ಪುಟ್ಟಾ. ಯಾಕೋ ನಿನ್ನ ದನಿ ಹೀಗಾಗಿದೆ?" ಅವಳು ಉಸಿರು ತೆಗೆದುಕೊಂಡದ್ದು ಕೇಳಿಸಿತು. "ಸೂಜಿ ಎತ್ತಿದ್ದನ್ನ ನೋಡಿದವರು ಯಾರೂ ಇರಲಿಲ್ಲ. ನಾನೇ ಹೇಳಿದೆ, ನಿಜ ಅಂತ. ಅದಕ್ಕೇ ಇಲ್ಲಿ ಕೂರಿಸಿದ್ರು. ಇರ್ಲಿ. ಈಗ ನೋಡದೇ ಇದ್ದಿದ್ದನ್ನ ನೋಡಿದೆ ಅಂದ್ರೆ ಅದೂ ಸುಳ್ಳಾಗಿಬಿಡುತ್ತೆ. ಮಾವ ಮೇಲಿನ ಖಾನೆಗೆ ಕೈ ಹಾಕೋರಲ್ಲ ಕಣೋ. ಅವರ ಭುಜ ಮೇಲೇಳ್ತಿರಲಿಲ್ಲ. ಮೇಲಿಂದು ಬೇಕಾದ್ರೆ ನನ್ನ ಕರೀತಿದ್ರು."

ಸಾಹೇಬ ಫೋನನ್ನು ಎತ್ತಿಕೊಂಡು ಬಾಯಿಯ ಹತ್ತಿರ ಹಿಡಿದ. ನಗು ಹಾಗೆಯೇ ಇತ್ತು.

"ನಾನು ಈಗ ಠಾಣೆಗೇ ಹೊರಟೆ ಕಣಮ್ಮಾ. ಬರೋವಷ್ಟರಲ್ಲಿ ಯೋಚನೆ ಮಾಡು. ಎದುರಿಗೆ ನಿಂತು ಕೇಳ್ತೀನಿ."

ಅವನು ಬಾಗಿಲ ಕಡೆ ತಿರುಗಿದ. ನೆಲದ ಮೇಲಿನ ಸೂಜಿ ಅದುರಿತು. ಗುಡ್ಡ, ದಿಬ್ಬ. ಕಿವಿರಾಯನ ಬೆರಳು ಕೀಲಿಯ ಮೇಲೇ ಇತ್ತು.

"ಬನ್ನಿ ಸಾರ್," ಎಂದಳು ಅಕ್ಕ. "ಎದುರಿಗೆ ನಿಂತು ಕೇಳಿದ್ರೂ ಅಷ್ಟೇ, ತಲೆ ಮೇಲೆ ನಿಂತು ಕೇಳಿದ್ರೂ ಅಷ್ಟೇ. ನಾನು ನೋಡಿಲ್ಲ. ಹೇಳಲ್ಲ."